ಮೂರನೆಯ ಕಂಬದ ಹಗ್ಗ

ನಾನು ಶಾಲೆಯ ಕೆಲಸಕ್ಕೆ ಸೇರಿದ ಮೊದಲ ದಿನ ಬೆಳಿಗ್ಗೆ ಬೇಗನೆ ಮನೆ ಬಿಟ್ಟಿದ್ದೆ. ಹೊಸ ಕೆಲಸ, ಹೊಸ ಚಪ್ಪಲಿ, ಎರಡೂ ಕಚ್ಚುತ್ತಿದ್ದವು. ಶಾಲೆಯ ಬೀದಿಗೆ ತಿರುಗಿದೊಡನೆ ಎಡಗಡೆ ಹುಲ್ಲುಹಾಸಿನ ಹಿಂದೆ ದೊಡ್ಡ ಕಟ್ಟಡವೊಂದು ಕಾಣಿಸಿತು. ಅದರ ಮುಂದೆ ಸಾಲಾಗಿ ಹದಿನೆಂಟು ಕಂಬಗಳು. ಮೊದಲನೆಯ ಕಂಬದ ಬುಡದಲ್ಲಿ ಖಾಕಿ ಅಂಗಿಯ ತೆಳ್ಳನೆಯ ಮನುಷ್ಯನೊಬ್ಬ ಹಗ್ಗ ಹಿಡಿದು, ಕತ್ತು ಹಿಂದಕ್ಕೆ ಚಾಚಿ ಮೇಲೆ ನೋಡುತ್ತ ತನ್ನಷ್ಟಕ್ಕೆ ಏನೋ ಗೊಣಗುತ್ತಿದ್ದ. ನನ್ನನ್ನು ಕಂಡು ಕೂಗಿದ.

“ಮೇಷ್ಟ್ರೇ, ಒಂದು ಉಪಕಾರ ಮಾಡ್ತೀರಾ? ರಸ್ತೆ ದಾಟಿ ಆ ಕಡೆ ನಿಂತ್ಕೊಂಡು, ಇದು ಸರಿ ಇದೆಯಾ ನೋಡಿ ಹೇಳಿ.”

“ನಾನು ಮೇಷ್ಟ್ರು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಇಷ್ಟು ಬೆಳಿಗ್ಗೆ, ಇಷ್ಟು ಹೆದರಿಕೊಂಡು ಕೆಲಸಕ್ಕೆ ಹೋಗೋರು ಬೇರೆ ಯಾರಿದ್ದಾರೆ ಹೇಳಿ.”

ನಾನು ರಸ್ತೆ ದಾಟಿ ನಿಂತೆ. ಆಗಲೇ ನನಗೆ ಆತನ ಕಷ್ಟ ಅರ್ಥವಾದದ್ದು. ಬಾವುಟ ಏರಿಸುವವನು ಕಂಬದ ಬುಡದಲ್ಲಿರುತ್ತಾನೆ. ಅಲ್ಲಿಂದ ಮೇಲೆ ನೋಡಿದರೆ ಅವನಿಗೆ ಕಾಣುವುದು ಬಟ್ಟೆಯ ಅಂಚು ಮತ್ತು ಆಕಾಶ, ಅಷ್ಟೆ. ಬಾವುಟ ಹಗ್ಗಕ್ಕೆ ಸುತ್ತಿಕೊಂಡಿದೆಯೋ, ತಲೆಕೆಳಗಾಗಿದೆಯೋ, ತುದಿಗೆ ಇನ್ನೂ ಗೇಣು ಬಾಕಿ ಇದೆಯೋ ಎಂಬುದು ದೂರದಲ್ಲಿ ನಿಂತವನಿಗೆ ಮಾತ್ರ ಗೊತ್ತಾಗುತ್ತದೆ. ಅವನು ಏರಿಸಿದ, ನಾನು “ಸರಿ” ಎಂದೆ. ಇನ್ನೊಂದು ಏರಿಸಿದ, ಮತ್ತೆ “ಸರಿ” ಎಂದೆ. ಐದಾರು ಆಗುವಷ್ಟರಲ್ಲಿ ನನ್ನ ತಲೆಯ ಮೇಲಿನಿಂದ ಒಂದು ಗುಡುಗು ಬಂತು.

“ಯಾರ್ರೀ ಅದು, ನನ್ನ ಕೆಲಸಕ್ಕೆ ಕೈ ಹಾಕಿದೋರು?”

ನಾನು ನಿಂತಿದ್ದುದು ಕಾಗದ, ಪೆನ್ಸಿಲು ಮಾರುವ ಒಂದು ಅಂಗಡಿಯ ಮುಂದೆ. ಅದರ ಮಾಳಿಗೆಯ ಮೊಗಸಾಲೆಯಲ್ಲಿ ದಪ್ಪ ಮೀಸೆಯ, ಅಗಲ ಭುಜದ ಒಬ್ಬ ವ್ಯಕ್ತಿ ನಿಂತಿದ್ದ. ಅರ್ಧ ಮುಖಕ್ಕೆ ಕ್ಷೌರವಾಗಿತ್ತು, ಇನ್ನರ್ಧಕ್ಕೆ ಸಾಬೂನಿನ ನೊರೆ ಇತ್ತು.

“ನಿದ್ದೆ ಮುಗೀತಾ ಭಾವಾ?” ಎಂದು ಕಂಬದ ಬಳಿಯಿಂದ ಕೂಗು ಬಂತು. “ನೀನು ಏಳಲ್ಲ ಅಂತ ಮೇಷ್ಟ್ರನ್ನ ನೇಮಕ ಮಾಡಿಕೊಂಡೆ. ನಿನಗಿಂತ ಇವರ ಗಂಟಲು ಮೆತ್ತಗೆ, ಕಿವಿಗೆ ಹಿತವಾಗಿದೆ.”

“ಮೆತ್ತಗಿನ ಗಂಟಲು ಮನೇಲಿ ಇಟ್ಕೋ. ಆರನೇದು ನೋಡು, ಸುತ್ತಿಕೊಂಡಿದೆ!”

ನಾನು ಆರನೆಯದಕ್ಕೂ “ಸರಿ” ಎಂದು ಆಗಲೇ ಹೇಳಿಬಿಟ್ಟಿದ್ದೆ. ಇಬ್ಬರೂ ನಕ್ಕರು. ನನಗೂ ನಗು ಬಂತು. ಚಪ್ಪಲಿ ಕಚ್ಚುವುದು ಮರೆತುಹೋಯಿತು.

ಕಂಬದ ಕೆಳಗಿದ್ದವನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕಂಬದಣ್ಣ ಎಂದು. ಆ ದೊಡ್ಡ ಕಟ್ಟಡ ಕಡಲ ಒಕ್ಕೂಟದ ಮುಖ್ಯ ಕಚೇರಿ. ಒಂದೇ ಕಡಲಿನ ಸುತ್ತ ಇರುವ ಹದಿನೆಂಟು ದೇಶಗಳು ಸೇರಿ ಅದನ್ನು ಕಟ್ಟಿಕೊಂಡಿದ್ದವು. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಯಾರೂ ಬಲೆ ಬೀಸಬಾರದು, ಯಾವ ದೇಶ ಎಷ್ಟು ಮೀನು ಹಿಡಿಯಬಹುದು, ಬಿರುಗಾಳಿ ಬಂದರೆ ಯಾರು ಯಾರಿಗೆ ಹೇಳಬೇಕು, ದಾರಿ ತಪ್ಪಿ ಗಡಿ ದಾಟಿದ ದೋಣಿಯನ್ನು ಹೇಗೆ ಬಿಡಿಸಿಕೊಳ್ಳಬೇಕು, ಇಂಥವೆಲ್ಲ ಅಲ್ಲಿ ತೀರ್ಮಾನವಾಗುತ್ತಿದ್ದವು. ಒಕ್ಕೂಟಕ್ಕೆ ಸೇರಿದ ಕ್ರಮದಲ್ಲಿಯೇ ದೇಶಗಳ ಬಾವುಟಗಳು ಸಾಲಾಗಿ ಹಾರುತ್ತಿದ್ದವು. ಬೆಳಿಗ್ಗೆ ಏರಿಸಿ ಸಂಜೆ ಇಳಿಸುವುದು ಕಂಬದಣ್ಣನ ಕೆಲಸ.

ಅರ್ಧ ಕ್ಷೌರದ ಮನುಷ್ಯ ಬೇರೆ ದೇಶದವನು. ಆ ಮಾಳಿಗೆಯ ಮೇಲೆ ಅವನ ದೇಶದ ಪ್ರತಿನಿಧಿಯ ಕಚೇರಿ ಇತ್ತು. ಅಲ್ಲಿಯ ಬಾಗಿಲು ಕಾಯುವ ಕೆಲಸ ಅವನದು. ಅವರ ಬಾವುಟದಲ್ಲಿ ಎರಡೇ ಬಣ್ಣ, ಮೇಲೆ ಹಸಿರು, ಕೆಳಗೆ ಹಳದಿ. ಸಾಲಿನಲ್ಲಿ ನಾಲ್ಕನೆಯದು. ನಮ್ಮ ಮಾತನ್ನು ಅವನು ಬೀದಿಯಲ್ಲೇ ಕಲಿತಿದ್ದ. ಬೈಗುಳ ಮೊದಲು, ಉಳಿದದ್ದು ಆಮೇಲೆ. ಕಂಬದಣ್ಣನೂ ಅವನೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುತ್ತಿದ್ದರು. ಬೀದಿಯವರಿಗೆ ಅವನು ಎದುರು ಭಾವ. ಒಮ್ಮೆ ನಾನು, ನಿಮಗೆ ಈ ನಂಟು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಕಂಬದಣ್ಣ ಹೇಳಿದ್ದ:

“ನಮ್ಮಿಬ್ಬರಿಗೂ ಅಕ್ಕತಂಗೀರಿಲ್ಲ ಮೇಷ್ಟ್ರೇ. ಜಗಳಕ್ಕೆ ಕಾರಣ ಇಲ್ಲದ ಭಾವಂದಿರು ನಾವು. ಅದಕ್ಕೇ ಬಾಳಿಕೆ ಬಂದಿದೆ.”

ಶಾಲೆಯಲ್ಲಿ ನನ್ನ ತರಗತಿಯ ಕಿಟಕಿ ಆ ಹುಲ್ಲುಹಾಸಿನ ಕಡೆಗೇ ತೆರೆಯುತ್ತಿತ್ತು. ಪ್ರತಿದಿನ ಬೆಳಿಗ್ಗೆ “ಸರಿ... ಸರಿ... ಎಡಕ್ಕೆಳಿ... ಸರಿ” ಎಂಬ ಕೂಗು ಕೇಳಿ ಮುಗಿದ ಮೇಲೆಯೇ ನಮ್ಮ ಗಂಟೆ ಹೊಡೆಯುತ್ತಿದ್ದುದು. ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಹೋಗಿ ಅವರ ಜೊತೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವುದು ರೂಢಿಯಾಯಿತು. ಕಂಬದಣ್ಣನ ಹೆಂಡತಿ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಗಾಳಿಗೆ ಬಡಿದು ಬಡಿದು ಬಾವುಟದ ಹೊರ ಅಂಚು ನೂಲುನೂಲಾಗುತ್ತದೆ. ಆ ನೂಲನ್ನು ಕತ್ತರಿಸಿ, ಅಂಚು ಮಡಿಸಿ ಹೊಲಿಯುವುದು ಆಕೆಯ ಪಾಲಿನ ಕೆಲಸ. ಪ್ರತಿ ಸಲವೂ ಬಾವುಟ ಎರಡು ಬೆರಳು ಗಿಡ್ಡವಾಗುತ್ತಿತ್ತು.

“ಹದಿನೆಂಟು ದೇಶದ ಮಾನ ಹೊಲಿದುಕೊಡ್ತೀನಿ ಅಣ್ಣಾ,” ಎಂದು ಆಕೆ ಒಮ್ಮೆ ನನಗೆ ಹೇಳಿದಳು, “ನಮ್ಮನೆ ಕಿಟಕಿಗೆ ಒಂದು ಪರದೆ ಕಟ್ಟಿಕೊಡಿ ಅಂದ್ರೆ ನಿಮ್ಮ ಸ್ನೇಹಿತರಿಗೆ ಪುರುಸೊತ್ತಿಲ್ಲ. ಕಟ್ಟಿದ ದಿನ ಬೀದಿಗೆ ಹೋಗಿ ನಿಂತ್ಕೊಂಡು ಸರಿ ಇದೆಯಾ ನೋಡ್ತಾರೆ.”

ಎಷ್ಟೋ ವರ್ಷ ಹೀಗೆಯೇ ನಡೆಯಿತು. ಈಗ ನೆನೆದರೆ ಆ ಕಾಲದಲ್ಲಿ ಬಿಸಿಲು ಕೂಡ ಮೆತ್ತಗಿತ್ತು ಎನ್ನಿಸುತ್ತದೆ. ಮುಪ್ಪಿನಲ್ಲಿ ಎಲ್ಲರಿಗೂ ಹಾಗೆ ಅನ್ನಿಸುವುದೇನೋ.

ಮೊದಲು ಬಿಟ್ಟುಹೋದದ್ದು ಸಾಲಿನಲ್ಲಿ ಮೂರನೆಯ ದೇಶ. ಅದರ ಬಾವುಟದ ಮೇಲೆ ಮೂರು ನಕ್ಷತ್ರಗಳಿದ್ದವು. ಬಲೆ ಬೀಸದ ತಿಂಗಳುಗಳನ್ನು ಎರಡರಿಂದ ಮೂರಕ್ಕೆ ಏರಿಸಬೇಕೆಂದು ಒಕ್ಕೂಟ ನಿರ್ಣಯಿಸಿದಾಗ, ಆ ದೇಶದ ದೊಡ್ಡ ಹಡಗುಗಳ ಯಜಮಾನರು ತಮ್ಮ ಸರ್ಕಾರದ ಕಿವಿ ಹಿಂಡಿದರು. ನಮ್ಮ ಕಡಲು, ನಮ್ಮ ಮೀನು, ಕೇಳುವುದಕ್ಕೆ ಇವರು ಯಾರು ಎಂದರು. ನಾನು ಸಮಾಜಪಾಠ ಹೇಳುವವನಾದ್ದರಿಂದ ಈ ಸಂಗತಿಯಲ್ಲಿ ನನಗೆ ಆಸಕ್ತಿ. ಕಟ್ಟೆಯ ಮೇಲೆ ಕುಳಿತಾಗ ಕೇಳಿದೆ.

“ಸೇರುವಾಗ ತಾವೇ ಒಪ್ಪಿ ಸಹಿ ಹಾಕಿದವರು ಈಗ ಯಾಕೆ ಹೋಗ್ತಾರೆ?”

“ಬರುವಾಗ ಲೆಕ್ಕ ಹಾಕಿ ಬರ್ತಾರೆ ಮೇಷ್ಟ್ರೇ, ಹೋಗುವಾಗ ಮೀಸೆ ತಿರುವಿ ಹೋಗ್ತಾರೆ,” ಎಂದ ಎದುರು ಭಾವ.

“ಊಟಕ್ಕೆ ಕೂತವನು ಮುನಿಸಿಕೊಂಡು ತಟ್ಟೆ ಬಿಟ್ಟು ಎದ್ದ ಹಾಗೆ,” ಎಂದ ಕಂಬದಣ್ಣ. “ಏಳುವಾಗ ಜೋರು ಇರುತ್ತೆ. ಆಮೇಲೆ ಹಸಿವಾದಾಗ ಅಡಿಗೆಮನೆ ಕಡೆ ಯಾವ ಮುಖ ಹೊತ್ಕೊಂಡು ಹೋಗೋದು, ಅದೇ ಯೋಚನೆ.”

ಒಕ್ಕೂಟದ ನಿಯಮದಂತೆ, ಬಿಡುತ್ತೇವೆ ಎಂದು ತಿಳಿಸಿದ ಮೇಲೂ ಒಂದು ವರ್ಷ ಆ ದೇಶದ ಸದಸ್ಯತ್ವ ಉಳಿದೇ ಇರುತ್ತದೆ. ಮನಸ್ಸು ಬದಲಾಯಿಸಲಿ ಎಂದು ಇಟ್ಟ ಅವಧಿ ಅದು. ವರ್ಷ ಮುಗಿಯಿತು, ಮನಸ್ಸು ಬದಲಾಗಲಿಲ್ಲ. ಮೂರು ನಕ್ಷತ್ರದ ಬಾವುಟ ಇಳಿಯಿತು. ಮೂರನೆಯ ಕಂಬ ಬೋಳಾಗಿ ನಿಂತಿತು.

ಒಕ್ಕೂಟದ ಆಗಿನ ನಿರ್ದೇಶಕರು ಒಳ್ಳೆಯವರು, ಆದರೆ ಅಚ್ಚುಕಟ್ಟಿನ ಗೀಳು ಸ್ವಲ್ಪ ಹೆಚ್ಚು. ವಾರ್ಷಿಕ ಸಭೆ ಹತ್ತಿರ ಬಂದಿತ್ತು.

“ಹಲ್ಲು ಬಿದ್ದ ಬಾಯಿ ಥರ ಕಾಣುತ್ತಲ್ಲಪ್ಪ,” ಎಂದರು ಕಂಬದಣ್ಣನಿಗೆ. “ಮುಂದಿನವನ್ನೆಲ್ಲ ಒಂದೊಂದು ಕಂಬ ಈ ಕಡೆ ಸರಿಸಿಬಿಡು. ಕೊನೇ ಕಂಬ ಸಭೆ ಆದ ಮೇಲೆ ಕೀಳಿಸಿದರಾಯ್ತು.”

ಕಂಬದಣ್ಣ ಸರಿಸಿದ. ನಾಲ್ಕನೆಯದಾಗಿದ್ದ ಹಸಿರು ಹಳದಿ ಬಾವುಟ ಮೂರನೆಯ ಕಂಬಕ್ಕೆ ಬಂತು. ಐದನೆಯದು ನಾಲ್ಕನೆಯದಕ್ಕೆ ಬಂತು. ಆ ಐದನೆಯದು ಲಂಗರಿನ ಚಿತ್ರವಿದ್ದ ಬಾವುಟ. ಲಂಗರಿನ ದೇಶಕ್ಕೂ ಎದುರು ಭಾವನ ದೇಶಕ್ಕೂ ನಡುವೆ ಒಂದು ಪುಟ್ಟ ದ್ವೀಪದ ವಿಷಯಕ್ಕೆ ಹಳೆಯ ಜಗಳ. ಅಕ್ಕಪಕ್ಕದ ಮನೆಯವರು ಮೋರಿಯ ವಿಷಯಕ್ಕೆ ಮುಖ ತಿರುಗಿಸಿಕೊಳ್ಳುತ್ತಾರಲ್ಲ, ಹಾಗೆ.

ವಾರ್ಷಿಕ ಸಭೆಯ ಕೊನೆಗೆ ಒಂದು ಸಂಪ್ರದಾಯವಿತ್ತು. ಪ್ರತಿನಿಧಿಗಳೆಲ್ಲ ಹುಲ್ಲುಹಾಸಿಗೆ ಬಂದು, ತಂತಮ್ಮ ಬಾವುಟದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವುದು. ಆ ದಿನ ನಾನು ತರಗತಿಯ ಕಿಟಕಿಯಿಂದ ನೋಡುತ್ತಿದ್ದೆ. ಗಾಳಿ ಚೆನ್ನಾಗಿತ್ತು, ಬಾವುಟಗಳು ಇಸ್ತ್ರಿ ಮಾಡಿದಂತೆ ಅಗಲವಾಗಿ ಹಾರುತ್ತಿದ್ದವು. ಪ್ರತಿನಿಧಿಗಳು ಮಾತಾಡಿಕೊಂಡು ಬಂದರು, ವರ್ಷವರ್ಷವೂ ನಿಂತ ಜಾಗಕ್ಕೆ ಕಾಲು ತಾನಾಗಿ ಕರೆದುಕೊಂಡು ಹೋಯಿತು, ನಿಂತರು. ಒಬ್ಬರಾದರೂ ತಲೆಯೆತ್ತಿ ನೋಡಬೇಕಲ್ಲ! ಎದುರು ಭಾವನ ಸಾಹೇಬರು ನಾಲ್ಕನೆಯ ಕಂಬದ ಕೆಳಗೆ, ಲಂಗರಿನ ಬಾವುಟದ ನೆರಳಿನಲ್ಲಿ, ಎದೆಯ ಮೇಲೆ ಕೈ ಇಟ್ಟುಕೊಂಡು ನಗುತ್ತಿದ್ದರು.

ಮಾಳಿಗೆಯಿಂದ ಎದುರು ಭಾವ ಬೊಬ್ಬೆ ಹಾಕಿದ. “ಸರಿಯಿಲ್ಲ! ಸರಿಯಿಲ್ಲ!”

ಕಂಬದಣ್ಣನ ಕಿವಿಗೆ ಆ ಕೂಗು ಎಂದರೆ ಬಾವುಟದ ಮಾತು, ಕೆಳಗೆ ನಿಂತವರ ಮಾತಲ್ಲ. ಪಾಪ, ಅವನು ಕಂಬದಿಂದ ಕಂಬಕ್ಕೆ ಓಡಿದ. ಯಾವುದೂ ಸುತ್ತಿಕೊಂಡಿಲ್ಲ, ಯಾವುದೂ ತಲೆಕೆಳಗಾಗಿಲ್ಲ. ಎಲ್ಲವನ್ನೂ ನೋಡಿ ಮುಗಿಸಿ, ಎರಡೂ ಕೈ ಬೀಸಿ ಕೂಗಿದ: “ಎಲ್ಲಾ ಸರಿ ಇದೆ ಭಾವಾ!”

ಅಷ್ಟರಲ್ಲಿ ಫೋಟೋ ಆಗಿತ್ತು.

ಮರುದಿನ ಎದುರು ಭಾವನ ದೇಶದ ಪತ್ರಿಕೆಗಳಲ್ಲಿ ಅದೇ ಫೋಟೋ. ನಮ್ಮ ಪ್ರತಿನಿಧಿ ಎದೆ ಮುಟ್ಟಿಕೊಂಡು ಪರರ ಬಾವುಟಕ್ಕೆ ವಂದಿಸುತ್ತಿದ್ದಾನೆ ಎಂದು ಕೆಳಗೆ ಬರೆದಿದ್ದರಂತೆ. ಲಂಗರಿನ ದೇಶದವರು ಬೇಕೆಂದೇ ಸಂಚು ಮಾಡಿದರು, ಒಕ್ಕೂಟ ಅದಕ್ಕೆ ಕುಮ್ಮಕ್ಕು ಕೊಟ್ಟಿತು ಎಂಬ ಮಾತು ಹುಟ್ಟಿತು. ಆ ವರ್ಷ ಅಲ್ಲಿ ಚುನಾವಣೆ ಬೇರೆ. ದ್ವೀಪದ ಜಗಳ ಹೇಗೂ ಕುದಿಯುತ್ತಿತ್ತು, ಫೋಟೋ ಒಗ್ಗರಣೆಯಾಯಿತು. ಇಲ್ಲಿ ವಿಚಾರಣೆ ನಡೆಯಿತು. ಬಾವುಟ ಸರಿಸಿದ್ದು ಯಾರು ಎಂದು ಕಂಬದಣ್ಣನನ್ನು ಕರೆಸಿದರು. ಅವನು ಬಾಯಿ ತೆರೆಯುವ ಮೊದಲೇ ನಿರ್ದೇಶಕರು ಎದ್ದು, “ಹೇಳಿದ್ದು ನಾನು, ಅವನನ್ನು ಬಿಟ್ಟುಬಿಡಿ” ಎಂದರು. ಆ ಮಾತಿಗಾಗಿ ಕಂಬದಣ್ಣ ಅವರನ್ನು ಇಂದಿಗೂ ನೆನೆಯುತ್ತಾನೆ.

“ನಿಮ್ಮ ಸಾಹೇಬರು ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲ,” ಎಂದೆ ನಾನು ಎದುರು ಭಾವನಿಗೆ. “ಅಭ್ಯಾಸಬಲದಿಂದ ಹೋಗಿ ನಿಂತೆ, ಮೇಲೆ ನೋಡಲಿಲ್ಲ ಅಂತ.”

“ತಲೆ ಎತ್ತಿ ನೋಡಲಿಲ್ಲ ಅಂತ ತಲೆ ಇರೋ ಯಾರಾದ್ರೂ ಒಪ್ಪಿಕೊಳ್ತಾರಾ ಮೇಷ್ಟ್ರೇ?”

ಚುನಾವಣೆ ಮುಗಿದ ವಾರದಲ್ಲೇ ಅವರ ದೇಶ ಒಕ್ಕೂಟ ಬಿಡುವುದಾಗಿ ತಿಳಿಸಿತು.

ಒಂದು ವರ್ಷದ ಅವಧಿ ಇತ್ತಲ್ಲ, ಆ ವರ್ಷವೇ ಕಷ್ಟದ್ದು. ಪ್ರತಿದಿನ ಬೆಳಿಗ್ಗೆ ಎಂದಿನಂತೆ “ಸರಿ, ಸರಿ” ಎನ್ನುವುದು ನಡೆಯುತ್ತಿತ್ತು. ಮಧ್ಯಾಹ್ನ ಚಹಾ, ಕೀಟಲೆ ಎಲ್ಲವೂ ಇದ್ದವು. ಆದರೆ ಕಂಬದಣ್ಣ ದಿನವೂ ನನ್ನನ್ನು ಕೇಳುತ್ತಿದ್ದ: “ಪೇಪರಲ್ಲಿ ಏನಾದ್ರೂ ಬಂತಾ ಮೇಷ್ಟ್ರೇ? ಮನಸ್ಸು ಬದಲಾಯಿಸಿದರಾ?” ದೇಶ ಬಿಟ್ಟರೆ ಎದುರಿನ ಕಚೇರಿ ಮುಚ್ಚುತ್ತದೆ, ಕಚೇರಿ ಮುಚ್ಚಿದರೆ ಬಾಗಿಲು ಕಾಯುವವನು ತನ್ನ ಊರಿಗೆ ಹೊರಡಬೇಕು. ಇಷ್ಟೊಂದು ದೇಶಗಳ ಮಾತು ಕಂಬದಣ್ಣನಿಗೆ ಎದುರು ಮಾಳಿಗೆಯ ಒಂದು ದನಿಗೆ ಬಂದು ನಿಂತಿತ್ತು.

ಮನಸ್ಸು ಬದಲಾಗಲಿಲ್ಲ. ಕೊನೆಯ ಸಂಜೆ ಎದುರು ಭಾವ ಮಾಳಿಗೆಯಿಂದ ಕೂಗಲಿಲ್ಲ. ಇಳಿದು, ರಸ್ತೆ ದಾಟಿ ಬಂದ. ಇಷ್ಟು ವರ್ಷಗಳಲ್ಲಿ ಕಂಬದ ಬುಡಕ್ಕೆ ಅವನು ಬಂದದ್ದು ಅದೇ ಮೊದಲು. ದೊಡ್ಡ ಬಾವುಟ ಮಡಿಸುವುದಕ್ಕೆ ಇಬ್ಬರು ಬೇಕು. ಒಂದು ತುದಿ ಇವನು, ಒಂದು ತುದಿ ಅವನು ಹಿಡಿದು ಮಡಿಸಿದರು. ನಿಯಮದ ಪ್ರಕಾರ ಅದನ್ನು ಆ ದೇಶದ ಕಚೇರಿಗೆ ಒಪ್ಪಿಸಬೇಕು. ಕಚೇರಿಗೆ ಬೀಗ ಬಿದ್ದಾಗಿತ್ತು.

“ತಗೋ ಭಾವ,” ಎಂದ ಕಂಬದಣ್ಣ.

“ನೀನೇ ಇಟ್ಕೋ. ನಾನು ತಗೊಂಡು ಹೋದ್ರೆ ಅಲ್ಲೇ ಉಳಿದುಹೋಗುತ್ತೆ. ನಿನ್ನ ಹತ್ರ ಇದ್ರೆ, ನಮ್ಮದೊಂದು ವಸ್ತು ಇಲ್ಲಿದೆ ಅಂತ ನೆನಪಿರುತ್ತೆ.”

“ಮೂರನೇ ಕಂಬ ಯಾರಿಗೂ ಕೊಡಲ್ಲ,” ಎಂದ ಕಂಬದಣ್ಣ.

“ಕಂಬ ನಿಮ್ಮಪ್ಪಂದಾ?” ಎಂದ ಎದುರು ಭಾವ. ಅದೇ ಅವರ ಬೀಳ್ಕೊಡುಗೆ. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿಕೊಂಡು ಮೂಗು ಒರೆಸಿಕೊಂಡರು.

ಕೊಟ್ಟ ಮಾತು ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ಹಳೆಯ ನಿರ್ದೇಶಕರು ಇರುವ ತನಕ ಚಿಂತೆಯಿರಲಿಲ್ಲ. ಒಮ್ಮೆ ಸರಿಸಿ ಕೈ ಸುಟ್ಟುಕೊಂಡ ಅವರು ಆ ಮಾತು ಎತ್ತಲಿಲ್ಲ. ಅವರ ನಂತರ ಬಂದವರಿಗೆ ಬೋಳು ಕಂಬ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಬೆಳಿಗ್ಗೆ ಅವರು ಬೇಗ ಬಂದಾಗ ಒಂದು ವಿಚಿತ್ರ ಕಂಡರು. ಕಂಬದಣ್ಣ ಎಲ್ಲ ಬಾವುಟ ಏರಿಸಿದ ಮೇಲೆ ಮೂರನೆಯ ಕಂಬದ ಬಳಿಗೆ ಹೋಗಿ, ಬರಿಯ ಹಗ್ಗವನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತಿದ್ದ. ರಾಟೆಗೆ ಎಣ್ಣೆ ಬಿಡುತ್ತಿದ್ದ.

“ಏನಯ್ಯಾ ಇದು? ಗಾಳಿ ಏರಿಸ್ತಿದ್ದೀಯಾ?”

“ಹಗ್ಗ ಎಳೀದೇ ಬಿಟ್ರೆ ರಾಟೆ ಕಚ್ಚಿಕೊಳ್ಳುತ್ತೆ ಸಾಹೇಬ್ರೇ. ನಾಳೆ ಅವರು ಬಂದಾಗ ಏರಬೇಕಲ್ಲ.”

“ಅವರು ಬಿಟ್ಟುಹೋಗಿ ಎಷ್ಟು ಕಾಲವಾಯ್ತು! ಆ ಕಂಬ ಕಿತ್ತು ಉಳಿದವನ್ನ ಸರಿಸಿದ್ರೆ ನೋಡೋಕೆ ಚೆಂದ.”

“ಇದು ಮನೆ ಖಾಲಿ ಮಾಡಿದವರದ್ದಲ್ಲ ಸಾಹೇಬ್ರೇ, ಊರಿಗೆ ಹೋದವರದ್ದು. ಬೀಗಕ್ಕೆ ತುಕ್ಕು ಹಿಡಿಯದ ಹಾಗೆ ನೋಡ್ಕೊಂಡ್ರೆ ಸಾಕು. ನಾನು ನಿವೃತ್ತಿ ಆಗೋ ತನಕ ಬಿಟ್ಟುಬಿಡಿ, ಆಮೇಲೆ ನಿಮ್ಮಿಷ್ಟ.”

ಹೊಸ ನಿರ್ದೇಶಕರು ಅವನನ್ನೂ ಕಂಬವನ್ನೂ ಒಂದು ಗಳಿಗೆ ನೋಡಿದರು. “ಸರಿ, ನಿನ್ನ ನಿವೃತ್ತಿ ತನಕ” ಎಂದು ಒಳಗೆ ಹೋದರು. ಅಂದಿನಿಂದ ಅವನಿಗೆ ವಯಸ್ಸಾಗುವುದೇ ಒಂದು ಹೆದರಿಕೆಯಾಯಿತು.

ಬಿಟ್ಟುಹೋದವರಿಗೆ ಏನಾಯಿತು ಎಂಬುದನ್ನೂ ಹೇಳಬೇಕು. ಮೂರು ನಕ್ಷತ್ರದ ದೇಶಕ್ಕೆ ಮೊದಲ ವರ್ಷ ಹಬ್ಬ. ಎಲ್ಲ ತಿಂಗಳೂ ಬಲೆ, ಹಡಗು ತುಂಬ ಮೀನು. ಆಮೇಲಾಮೇಲೆ ಬಲೆಗೆ ಬೆರಳುದ್ದದ ಮೀನು ಬರತೊಡಗಿತು. ಅದನ್ನು ಕೊಳ್ಳುವ ಹೊರದೇಶದ ವ್ಯಾಪಾರಿಗಳು ಒಕ್ಕೂಟದ ಮೊಹರು ಇಲ್ಲದ ಮೀನು ಬೇಡವೆಂದರು. ಆ ದೇಶ ಸದ್ದಿಲ್ಲದೆ ಅರ್ಜಿ ಹಾಕಿ ವಾಪಸು ಬಂತು. ಮರಳಿ ಬಂದವರು ಹೊಸಬರಂತೆಯೇ ಎಂದು ನಿಯಮ. ಸಾಲಿನ ಕೊನೆಯಲ್ಲಿ, ಕಿತ್ತುಹಾಕಿದ್ದ ಕಂಬವನ್ನೇ ಮತ್ತೆ ನೆಡಿಸಿಕೊಂಡು ನಿಂತಿತು.

ಎದುರು ಭಾವನ ದೇಶದ ಪಾಡು ಬೇರೆ ಬಗೆಯದು. ಅದಕ್ಕೆ ಮೀನಿನ ಕೊರತೆಯಾಗಲಿಲ್ಲ. ಆದರೆ ಬಿರುಗಾಳಿಯ ಸುದ್ದಿ ಎಲ್ಲರಿಗೂ ಬೆಳಿಗ್ಗೆ ಸಿಕ್ಕರೆ ಅದಕ್ಕೆ ಮಧ್ಯಾಹ್ನ ಸಿಗುತ್ತಿತ್ತು. ಅವರ ದೋಣಿ ದಾರಿ ತಪ್ಪಿ ಗಡಿ ದಾಟಿದರೆ ಮೊದಲಿನಂತೆ ಒಂದು ಫೋನಿನಲ್ಲಿ ಬಿಡುಗಡೆಯಾಗುತ್ತಿರಲಿಲ್ಲ. ಮೀನುಗಾರರು ತಿಂಗಳುಗಟ್ಟಲೆ ಪರರ ಸೆರೆಯಲ್ಲಿ ಕುಳಿತಿರುತ್ತಿದ್ದರು. ಮಾತಾಡುವುದಕ್ಕೆ ಮೇಜಿಲ್ಲ, ಮೇಜಿನ ಬಳಿ ಕುರ್ಚಿಯಿಲ್ಲ. ಎದುರು ಭಾವನ ಅಣ್ಣನ ಮಗನೂ ಹಾಗೆ ಸಿಕ್ಕಿಕೊಂಡಿದ್ದನಂತೆ. ಆಗೊಮ್ಮೆ ಈಗೊಮ್ಮೆ ಬರುತ್ತಿದ್ದ ಫೋನಿನಲ್ಲಿ ಎದುರು ಭಾವ ಕೇಳುತ್ತಿದ್ದುದು ಒಂದೇ: “ಕಂಬ ಇದೆಯಾ?” ಕಂಬದಣ್ಣ ಹೇಳುತ್ತಿದ್ದುದೂ ಒಂದೇ: “ಇದೆ.”

ಕೊನೆಗೆ ಅಲ್ಲಿ ಸರ್ಕಾರ ಬದಲಾಯಿತು. ಹೊಸಬರಿಗೆ ಒಕ್ಕೂಟಕ್ಕೆ ಮರಳುವ ಮನಸ್ಸಿತ್ತು. ಮಾತುಕತೆ ಶುರುವಾಗಿ, ಎಲ್ಲವೂ ಒಪ್ಪಿಗೆಯಾಗಿ, ಒಂದು ಕಡೆ ಬಂದು ಸಿಕ್ಕಿಹಾಕಿಕೊಂಡಿತು. ಮರಳಿ ಬಂದವರು ಹೊಸಬರಂತೆ ಎಂಬ ನಿಯಮವಿತ್ತಲ್ಲ, ಅಲ್ಲಿ. ಕಟ್ಟಿದವರಲ್ಲಿ ನಾವೂ ಒಬ್ಬರು, ಮೂರು ನಕ್ಷತ್ರದವರ ಹಿಂದೆ ಬಾಲದಲ್ಲಿ ಹೋಗಿ ನಿಲ್ಲುವುದಿಲ್ಲ ಎಂದು ಆ ದೇಶ ಹಠ ಹಿಡಿಯಿತು. ಕಂಬದಣ್ಣನ ನಿವೃತ್ತಿಗೆ ಆಗ ಒಂದು ಮಳೆಗಾಲ ಬಾಕಿ. ಅವನು ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತದ್ದು ನನಗೆ ನೆನಪಿದೆ.

“ಒಂದು ಫೋಟೋಗೆ ಹೋದವರು, ಈಗ ಒಂದು ಕಂಬಕ್ಕೆ ಬರದೇ ಇರ್ತಾರಾ ಮೇಷ್ಟ್ರೇ?”

ಗಂಟು ಬಿಡಿಸಿದವರು ಯಾರು ಗೊತ್ತೇ? ಕಂಬ ಕೀಳಬೇಕೆಂದಿದ್ದ ಆ ನಿರ್ದೇಶಕರೇ. ಸಭೆಯಲ್ಲಿ ಅವರು ಪ್ರತಿನಿಧಿಗಳನ್ನೆಲ್ಲ ಕಿಟಕಿಯ ಬಳಿಗೆ ಕರೆದು ತೋರಿಸಿದರಂತೆ. ಹೋದವರ ಜಾಗಕ್ಕೆ ಇನ್ನೊಬ್ಬರು ಬಂದಿದ್ದರೆ ಮರಳಿದವರು ಕೊನೆಗೆ ಹೋಗಬೇಕು, ನ್ಯಾಯವೇ. ಈ ಜಾಗಕ್ಕೆ ಯಾರೂ ಬಂದಿಲ್ಲ, ಯಾರನ್ನೂ ಸರಿಸಬೇಕಾಗಿಲ್ಲ, ಯಾರಿಗೂ ನಷ್ಟವಿಲ್ಲ ಎಂದರಂತೆ. ಎಲ್ಲರೂ ನೋಡಿದರು. ಎಷ್ಟೋ ವರ್ಷ ಕಣ್ಣಿಗೆ ಬಿದ್ದೂ ಬೀಳದಂತಿದ್ದ ಬೋಳು ಕಂಬ. ಮೊದಲು ಒಪ್ಪಿಗೆ ಕೊಟ್ಟವರು ಲಂಗರಿನ ದೇಶದವರು ಎಂಬುದು ನನಗೆ ಇಂದಿಗೂ ಸಂತೋಷದ ಸಂಗತಿ.

ಬಾವುಟ ಮತ್ತೆ ಏರುವ ದಿನ ಬಂತು. ಕಂಬದಣ್ಣ ಮೊದಲೇ ಫೋನು ಮಾಡಿದ್ದರಿಂದ ಎದುರು ಭಾವ ತನ್ನ ಖರ್ಚಿನಲ್ಲಿಯೇ ಬಂದಿದ್ದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಮಾಳಿಗೆಯಲ್ಲಿ ಈಗ ಯಾರೋ ಸಂಸಾರಸ್ಥರು ಬಟ್ಟೆ ಒಣಹಾಕಿದ್ದರಿಂದ ಅವನು ಅಂಗಡಿಯ ಮುಂದೆ, ನಾನು ಮೊದಲ ದಿನ ನಿಂತಿದ್ದ ಜಾಗದಲ್ಲಿಯೇ, ನನ್ನ ಪಕ್ಕ ನಿಂತ. ಕಂಬದಣ್ಣನ ಹೆಂಡತಿ ಹಳೆಯ ಬಾವುಟವನ್ನು ಒಗೆದು ಇಸ್ತ್ರಿ ಮಾಡಿ ಕೊಟ್ಟಿದ್ದಳು. ಆದರೆ ಆ ದೇಶದ ಹೊಸ ಪ್ರತಿನಿಧಿ ತಮ್ಮ ಜೊತೆ ಹೊಸ ಬಾವುಟವನ್ನೇ ತಂದಿದ್ದರು. ಕಂಬದಣ್ಣ ಅದನ್ನು ಬಿಚ್ಚಿದ. ಬಾವುಟದ ಮೇಲ್ತುದಿಗೆ ಹಗ್ಗ ಸಿಕ್ಕಿಸುವುದಕ್ಕೆ ಒಂದು ಮರದ ಗುಂಡಿ ಹೊಲಿದಿರುತ್ತಾರೆ. ನೋಡಿದರೆ ಗುಂಡಿ ಹಳದಿಯ ಕಡೆ ಇದೆ. ಪಾಪ, ಹೊಲಿದವರು ತಪ್ಪು ಮಾಡಿದ್ದಾರೆ ಎಂದುಕೊಂಡ ನಮ್ಮ ಕಂಬದಣ್ಣ. ಯಾರಿಗೂ ಹೇಳಿ ಅವಮಾನ ಮಾಡುವುದು ಬೇಡವೆಂದು, ತಾನೇ ತಿರುಗಿಸಿ, ಹಸಿರು ಮೇಲೆ ಮಾಡಿ ಕಟ್ಟಿದ.

ಹಗ್ಗ ನುಣ್ಣಗೆ ಓಡಿತು. ಎಣ್ಣೆ ಬಿಟ್ಟ ರಾಟೆ ಚೂರೂ ಕಿರುಗುಟ್ಟಲಿಲ್ಲ. ಬಾವುಟ ಏರಿತು, ಗಾಳಿ ತೆಗೆದುಕೊಂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಗುಡುಗಿತು:

“ಸರಿಯಿಲ್ಲ! ಸರಿಯಿಲ್ಲ! ತಲೆಕೆಳಗು!”

ಚಪ್ಪಾಳೆ ನಿಂತಿತು. ಕಂಬದಣ್ಣನ ಮುಖ ಬಿಳುಚಿತು. ಹಿಂದಿನ ಸಲ ಈ ಕೂಗು ಕೇಳಿ ಎಲ್ಲ ಸರಿ ಇದೆ ಎಂದಿದ್ದವನು ಈ ಸಲ ಹಾಗೆನ್ನಲಿಲ್ಲ.

“ಹಸಿರು ಮೇಲಲ್ವಾ ಭಾವಾ?” ಎಂದ, ಅಳುವ ದನಿಯಲ್ಲಿ.

“ಆಗ ಹಸಿರು ಮೇಲೆ. ಈಗ ಹಳದಿ ಮೇಲೆ! ಹಿಂದಿನ ಸರ್ಕಾರ ಬದಲಾಯಿಸಿತಲ್ಲ!”

“ನನಗೆ ಹೇಳಬಾರದಿತ್ತಾ?”

“ಅದನ್ನೂ ಹೇಳ್ಬೇಕಾ? ನಮ್ಮೂರ ಎಲ್ಲಾ ಪೇಪರಲ್ಲೂ ಬಂದಿತ್ತು!”

“ನಿಮ್ಮೂರ ಪೇಪರು ನಮ್ಮೂರಿಗೆ ಬರೋದು ನಿಂತು ಎಷ್ಟು ಕಾಲ ಆಯ್ತೋ ಮಾರಾಯಾ!”

ರಸ್ತೆಯ ಎರಡೂ ಕಡೆಯಿಂದ, ಇಷ್ಟೂ ದೇಶದವರ ತಲೆಯ ಮೇಲೆ, ಈ ಜಗಳ ಹಾರಾಡಿತು. ಎಲ್ಲರ ಮನಸ್ಸಿನಲ್ಲೂ ಹಳೆಯ ಫೋಟೋ. ಫೋಟೋದವನು ಕ್ಯಾಮರಾ ಎತ್ತಿ ಹಿಡಿದೇ ಇದ್ದ.

ಹೊಸ ಪ್ರತಿನಿಧಿ ಹೆಂಗಸು. ನಡುವಯಸ್ಸಿನವರು, ಗಂಭೀರ ಮುಖ. ಅವರು ತಲೆಯೆತ್ತಿ ನೋಡಿದರು. ಚೆನ್ನಾಗಿಯೇ ನೋಡಿದರು. ಆಮೇ‌ಲೆ ಫೋಟೋದವನ ಕಡೆ ಕೈ ಅಡ್ಡ ಹಿಡಿದು, ಕಂಬದಣ್ಣನಿಗೆ ಹೇಳಿದರು:

“ಹಿಂದಿನವರು ಮೇಲೆ ನೋಡದೆ ಕೆಟ್ಟರು. ನಾನು ನೋಡಿದೀನಿ. ನಿಧಾನಕ್ಕೆ ಇಳಿಸಿ ಏರಿಸಿ ಅಣ್ಣ, ನಾವು ಕಾಯ್ತೀವಿ.”

ಪಕ್ಕದ ಕಂಬದ ಕೆಳಗಿದ್ದ ಲಂಗರಿನ ದೇಶದವರು, “ಈ ಸಲ ನಮ್ಮ ಮೇಲೆ ತಪ್ಪು ಹೊರಿಸಬೇಡಿ ತಾಯಿ” ಎಂದರು. ಅಲ್ಲಿಗೆ ಒಬ್ಬರು ನಕ್ಕರು, ಇನ್ನೊಬ್ಬರು ನಕ್ಕರು, ಸಾಲಿಗೆ ಸಾಲೇ ನಕ್ಕಿತು. ಬಾವುಟ ಇಳಿಯಿತು, ಸರಿಯಾಯಿತು, ಮತ್ತೆ ಏರಿತು. ಎಲ್ಲರೂ ರಸ್ತೆಯ ಈಚೆಗೆ ತಿರುಗಿ ಎದುರು ಭಾವನ ಬಾಯನ್ನೇ ನೋಡಿದರು. ಅವನು ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿದ.

“ಸರಿ” ಎಂದ. ಕೂಗಿದಂತಿರಲಿಲ್ಲ. ರಸ್ತೆಯಾಚೆಗೆ ಅದು ಕೇಳಿಸಿತೋ ಇಲ್ಲವೋ. ಕಂಬದಣ್ಣ ಮಾತ್ರ ಹಗ್ಗವನ್ನು ಗೂಟಕ್ಕೆ ಬಿಗಿದ.

ಆ ಸಂಜೆ ಕಟ್ಟೆಯ ಮೇಲೆ ಎದುರು ಭಾವ ಅವನನ್ನು ಬಿಡಲಿಲ್ಲ. “ಇಷ್ಟು ವರ್ಷ ಬಿಟ್ಟಿದ್ದಕ್ಕೆ ನಮ್ಮ ತಲೆ ಯಾವುದು, ಕಾಲು ಯಾವುದು ಅಂತಾನೇ ಮರೆತುಬಿಟ್ಟೆಯಲ್ಲೋ!”

“ನಾನೆಲ್ಲಿ ಮರೆತೆ? ನನ್ನ ಹತ್ರ ಇದ್ದದ್ದು ಹಾಗೇ ಇತ್ತು. ಬದಲಾದೋರು ನೀವು.”

ಎದುರು ಭಾವ ಲೋಟದ ಚಹಾ ತಣ್ಣಗಾಗುವ ತನಕ ಕಂಬಗಳ ಕಡೆ ನೋಡುತ್ತ ಕುಳಿತಿದ್ದ. ಎರಡು ದಿನವಿದ್ದು ಊರಿಗೆ ಹೊರಟ. ಅವನಿಗೂ ಕೆಲಸ ಮುಗಿದ ವಯಸ್ಸು. ಅವನ ದೇಶದ ಹೊಸ ಕಚೇರಿಯ ಬಾಗಿಲಿಗೆ ಬೇರೆಯವರು ಬಂದರು.

ಮಳೆಗಾಲ ಮುಗಿದ ಮೇಲೆ ಕಂಬದಣ್ಣ ನಿವೃತ್ತನಾದ. ಕೆಲವು ವರ್ಷಗಳ ತರುವಾಯ ನಾನೂ ಆದೆ. ಅವನ ಕೆಲಸಕ್ಕೆ ಈಗ ಎರಡು ಮಕ್ಕಳ ತಾಯಿಯೊಬ್ಬಳು ಬಂದಿದ್ದಾಳೆ. ಬೆಳಗಿನ ತಿರುಗಾಟಕ್ಕೆ ನಾನು ಆ ಬೀದಿಗೇ ಹೋಗುತ್ತೇನೆ. ಅವನು ಅಂಗಡಿಯ ಮುಂದೆ ಛತ್ರಿ ಊರಿಕೊಂಡು ಮೊದಲೇ ನಿಂತಿರುತ್ತಾನೆ. ಯಾರೂ ಹೇಳಿದ ಕೆಲಸವಲ್ಲ, ಸಂಬಳದ ಕೆಲಸವಂತೂ ಅಲ್ಲವೇ ಅಲ್ಲ. ಆಚೆ ಆಕೆ ಹಗ್ಗ ಎಳೆಯುತ್ತಾಳೆ, ಈಚೆ ಇವನು “ಸರಿ ಕಣಮ್ಮ... ಸರಿ... ಸ್ವಲ್ಪ ಎಳಿ” ಎನ್ನುತ್ತಾನೆ. ಮನೆಯಲ್ಲಿ ಹೆಂಡತಿ ಬಟ್ಟೆ ಒಣಹಾಕುವಾಗಲೂ ಅಂಗಳದ ಆಚೆ ನಿಂತು ಸರಿ ಎನ್ನುತ್ತಾನಂತೆ. “ಒಗೆಯೋಕೆ ಮಾತ್ರ ಬರಲ್ಲ” ಎಂದು ಆಕೆಯ ದೂರು. ವಾರಕ್ಕೊಮ್ಮೆ ಎದುರು ಭಾವನ ಫೋನು ಬರುತ್ತದೆ, ಸರಿಯಾಗಿ ಬಾವುಟ ಏರುವ ಹೊತ್ತಿಗೆ. ಇವನು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂಗುತ್ತಾನೆ. ಆ ಕಡೆಯವನ ಕಿವಿ ಏನಾಗುತ್ತದೋ ದೇವರಿಗೇ ಗೊತ್ತು.

ಈಗ ಅವನ ಕಣ್ಣಿಗೆ ಪೊರೆ ಬರುತ್ತಿದೆ. ಉಳಿದ ಬಾವುಟಗಳಿಗೆ ಥಟ್ಟನೆ “ಸರಿ” ಎನ್ನುತ್ತಾನೆ. ಮೂರನೆಯದು ಬಂದಾಗ ಮಾತ್ರ ಕನ್ನಡಕ ತೆಗೆದು, ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಹಳದಿ ಮೇಲಿದೆಯೇ ಎಂದು ನನ್ನನ್ನೊಮ್ಮೆ ಕೇಳಿ, ಆಮೇಲೆ ಕೂಗುತ್ತಾನೆ. ಅಷ್ಟು ಹೊತ್ತೂ ಆಚೆ ಆಕೆ ಹಗ್ಗ ಹಿಡಿದುಕೊಂಡು ಕಾಯುತ್ತಿರುತ್ತಾಳೆ.